ಬ್ಯಾಡಗಿಯ ಕೆಂಪು, ತುಟಿಯ ಬಣ್ಣ ಮತ್ತು ಬದಲಾಗುವ ನಿಯಮಗಳು



ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಬಳಿ ತಿರುಗಿದರೆ ಬ್ಯಾಡಗಿ. ಸುಗ್ಗಿಯ ತಿಂಗಳುಗಳಲ್ಲಿ ಊರು ಕಣ್ಣಿಗೆ ಬೀಳುವ ಮುನ್ನವೇ ಮೆಣಸಿನಕಾಯಿಯ ಘಾಟು ಮೂಗಿಗೆ ತಾಕುತ್ತದೆ. ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಗಾಢವಾದ ಕೆಂಪು: ಈ ಮೂರು ಲಕ್ಷಣಗಳಿಂದ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದು ಸಾರು, ಪಲ್ಯಗಳ ಸಂಗಾತಿಯೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇದರ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಪಯಣಿಸಬಲ್ಲದು ಎಂಬುದನ್ನು ಬಲ್ಲವರು ಕಡಿಮೆ. ಆ ಪಯಣದ ದಾರಿಯಲ್ಲಿ ನಿಂತಿರುವ ಕಾನೂನುಗಳೇ ಈ ಉಪನ್ಯಾಸದ ವಿಷಯ.

ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಒಣಗಿದ ಕಾಯಿಯನ್ನು ಪುಡಿಮಾಡಿ, ಹೆಕ್ಸೇನ್‌ನಂತಹ ದ್ರಾವಕದಲ್ಲಿ ನೆನೆಸಿ, ಅನಂತರ ದ್ರಾವಕವನ್ನು ಆವಿಯಾಗಿಸಿ ತೆಗೆದರೆ ಉಳಿಯುವ ಮಂದವಾದ ಕೆಂಪು ಎಣ್ಣೆಯೇ ಓಲಿಯೋರೆಸಿನ್. ಖಾರ ಕಡಿಮೆ, ಬಣ್ಣ ಹೆಚ್ಚು ಇರುವುದರಿಂದ ಈ ಉದ್ಯಮಕ್ಕೆ ಬ್ಯಾಡಗಿಯ ಕಾಯಿ ಅಚ್ಚುಮೆಚ್ಚು. ಬೆಳಕು ಮತ್ತು ಗಾಳಿಗೆ ಈ ಬಣ್ಣ ಬೇಗ ಮಾಸುತ್ತದೆ. ಶೀತಲಗೃಹಗಳಲ್ಲಿ ಚೀಲಗಳನ್ನು ಪೇರಿಸಿಡುವುದು ಆ ಕಾರಣದಿಂದಲೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದ್ರಾವಕವು ಬಣ್ಣವನ್ನು ಮಾತ್ರ ಆರಿಸಿ ಎತ್ತಿಕೊಳ್ಳುವುದಿಲ್ಲ. ಎಣ್ಣೆಯಲ್ಲಿ ಕರಗುವ ಕೀಟನಾಶಕದ ಶೇಷವೂ ಅದರೊಡನೆ ಬರುತ್ತದೆ. ಕ್ವಿಂಟಲ್‌ಗಟ್ಟಲೆ ಕಾಯಿಯ ಸಾರ ಕೆಲವೇ ಲೀಟರುಗಳಿಗೆ ಇಳಿದಾಗ, ಹೊಲದಲ್ಲಿ ಅತ್ಯಲ್ಪವಾಗಿದ್ದುದು ಡಬ್ಬಿಯಲ್ಲಿ ಸಾಂದ್ರಗೊಳ್ಳುತ್ತದೆ. ಆದುದರಿಂದ ತುಟಿಬಣ್ಣದ ಸುರಕ್ಷತೆ ಕಾರ್ಖಾನೆಯಲ್ಲಿ ಅಲ್ಲ, ಸಿಂಪರಣೆಯ ದಿನವೇ ಹೊಲದಲ್ಲಿ ಆರಂಭವಾಗುತ್ತದೆ. ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿತು. ಟ್ರೈಅಜೋಫಾಸ್ ಮತ್ತು ಫೋರೇಟ್‌ಗಳ ಬಳಕೆಗೆ 2020ರ ಡಿಸೆಂಬರ್ 31ರ ಗಡುವು ಬಂದಿತು. ಹಳೆಯ ಡಬ್ಬಿ ಮನೆಯ ಮೂಲೆಯಲ್ಲಿ ಉಳಿದಿದ್ದರೆ, ಕಾನೂನು ಬದಲಾದುದು ಆ ಹೊಲದ ಮಟ್ಟಿಗೆ ಸುಳ್ಳೇ.

ನಿಯಮದ ಬದಲಾವಣೆ ಎಷ್ಟು ಬೇಗ ಬಂದು ಬಾಗಿಲು ತಟ್ಟಬಲ್ಲದು ಎಂಬುದಕ್ಕೆ 2003ರ ಉದಾಹರಣೆ ಸಾಕು. ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ಸುಡಾನ್-1 ಎಂಬ ಕೈಗಾರಿಕಾ ಬಣ್ಣ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಮೇಣ, ಪಾಲಿಷ್‌ಗಳಿಗೆ ಬಳಸುವ ಈ ಬಣ್ಣ ಕ್ಯಾನ್ಸರ್ ತರಬಹುದೆಂಬ ಶಂಕೆಗೆ ಒಳಗಾದದ್ದು. ಅದೇ ಜೂನ್‌ನಲ್ಲಿ ಐರೋಪ್ಯ ಒಕ್ಕೂಟವು, ಸುಡಾನ್-1 ಇಲ್ಲವೆಂಬ ಪರೀಕ್ಷಾ ವರದಿಯಿಲ್ಲದೆ ಮೆಣಸು ಒಳಬರಕೂಡದೆಂದು ವಿಧಿಸಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್, ಒಂದು ಸಾಸ್‌ಗೆ ಬೆರೆತಿದ್ದ ಕಲಬೆರಕೆ ಪುಡಿಯ ಕಾರಣದಿಂದ ನಾನೂರಕ್ಕೂ ಹೆಚ್ಚು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂತೆಗೆಯಿತು. ಬಣ್ಣ ಬೆರೆಸಿದವರು ಎಲ್ಲೋ ಕೆಲವರು. ಶಂಕೆಯ ನೆರಳು ಬಿದ್ದುದು ಪ್ರಾಮಾಣಿಕವಾಗಿ ಬೆಳೆದವರ ಮೇಲೂ.

ಪ್ರಸಾಧನಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ದೇಶದಿಂದ ದೇಶಕ್ಕೆ ಪಟ್ಟಿ ಬೇರೆ. ಐರೋಪ್ಯ ಒಕ್ಕೂಟವು ಪ್ರಸಾಧನಗಳಿಗೆ ಒಪ್ಪಿದ ಬಣ್ಣಗಳಲ್ಲಿ ಕ್ಯಾಪ್ಸಾಂಥಿನ್ ಸೇರಿದೆ. ಅಮೆರಿಕದಲ್ಲಿ ಕೆಂಪು ಮೆಣಸಿನ ಸಾರ ಆಹಾರದ ಬಣ್ಣವಾಗಿ ಒಪ್ಪಿತವಾದರೂ ಪ್ರಸಾಧನಗಳ ಬಣ್ಣದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಮದರಂಗಿಯ ಕಥೆಯೂ ಅಂಥದೇ: ಅಲ್ಲಿ ಅದಕ್ಕೆ ಅನುಮತಿ ಕೂದಲಿಗೆ ಮಾತ್ರ, ಚರ್ಮಕ್ಕೆ ಇಲ್ಲ. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡವರೇ ಉತ್ತರ ಹೇಳಬಲ್ಲರು.

ಭಾರತದಲ್ಲಿ ಈ ಕ್ಷೇತ್ರವನ್ನು ಆಳುವುದು 1940ರ ಔಷಧ ಮತ್ತು ಪ್ರಸಾಧನ ಕಾಯಿದೆ. ಅದರ ಅಡಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಪ್ರಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಹೊರಬಂದಿತು. ಯಾವ ಬಣ್ಣ ಸಲ್ಲುತ್ತದೆ, ಯಾವ ಪದಾರ್ಥ ಸಲ್ಲದು ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 4707ರ ಭಾಗಗಳು ಹೇಳುತ್ತವೆ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರಬಾರದು. ಪಾದರಸವನ್ನು ಉದ್ದೇಶಪೂರ್ವಕವಾಗಿ ಬೆರೆಸುವಂತಿಲ್ಲ. ಅರಿವಿಲ್ಲದೆ ಸೇರಿದರೂ ಕಣ್ಣಿನ ಸುತ್ತ ಹಚ್ಚುವುದರಲ್ಲಿ 70 ಭಾಗ, ಉಳಿದವುಗಳಲ್ಲಿ 1 ಭಾಗ ಮಿತಿ. 2014ರಿಂದ ಪ್ರಾಣಿಗಳ ಮೇಲಿನ ಪರೀಕ್ಷೆಯೂ ನಿಷಿದ್ಧ.

ಈ ಮಿತಿಗಳು ಸ್ಥಿರವಲ್ಲ. ಪಾದರಸದ ಕುರಿತಾದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಪಾದರಸ ಬೆರೆಸಿದ ಪ್ರಸಾಧನಗಳನ್ನು 2025ರೊಳಗೆ ಪೂರ್ಣವಾಗಿ ನಿಲ್ಲಿಸಲು ನಿರ್ಧರಿಸಿದವು. ಜೆಲ್ ಮಾದರಿಯ ಉಗುರುಬಣ್ಣಗಳಲ್ಲಿ ಬಳಕೆಯಲ್ಲಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿತು. ಅಂಗಡಿಯಲ್ಲಿ ಉಳಿದ ದಾಸ್ತಾನಿಗೂ ವಿನಾಯಿತಿ ಇರಲಿಲ್ಲ. ನಿನ್ನೆ ಸಕ್ರಮವಾಗಿದ್ದ ಸರಕು ಇಂದು ಅಕ್ರಮ.

ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಸೀಗೆಪುಡಿ, ಸಾಬೂನು, ಕೇಶತೈಲ, ತುಟಿಯ ಮುಲಾಮು ತಯಾರಿಸುವ ಮಹಿಳಾ ಸಂಘಗಳಿಗೆ ಇದರಿಂದ ಕಲಿಯಬೇಕಾದ ಪಾಠಗಳಿವೆ. ಮಾರಾಟಕ್ಕೆಂದು ತಯಾರಿಸುವ ಮುನ್ನ ರಾಜ್ಯದ ಪರವಾನಗಿ ಪ್ರಾಧಿಕಾರವನ್ನು ವಿಚಾರಿಸುವುದು ಮೊದಲನೆಯದು. ಕೊಂಡ ಬಣ್ಣ, ಸುಗಂಧ, ಎಣ್ಣೆಗಳ ಪ್ರತಿ ತಂಡಕ್ಕೂ ಪರೀಕ್ಷಾ ಪತ್ರ ಕೇಳಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡುವುದು ಎರಡನೆಯದು. ಆರು ತಿಂಗಳಿಗೊಮ್ಮೆ ನಿಯಮದ ಪಟ್ಟಿಯನ್ನು ಎದುರಿಟ್ಟು ಆ ಪುಸ್ತಕವನ್ನು ತಾಳೆ ನೋಡುವುದು ಮೂರನೆಯದು. ಪಟ್ಟಿ ಬದಲಾದಾಗ ಯಾವ ಡಬ್ಬಿ ಯಾರ ಕೈ ಸೇರಿದೆ ಎಂಬುದನ್ನು ಹೇಳಬಲ್ಲವರು ಮಾತ್ರ ಅದನ್ನು ಹಿಂದಕ್ಕೆ ಪಡೆಯಬಲ್ಲರು.

ಕೊಳ್ಳುವವರಿಗೂ ಒಂದು ಹಕ್ಕಿದೆ. ಶೇಕಡಾ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಲೇಬಲ್ಲಿನಲ್ಲಿ ಮುದ್ರಿಸುವುದು ಕಡ್ಡಾಯ. ಘಟಕಗಳ ಪಟ್ಟಿಯೂ ತಯಾರಕರ ವಿಳಾಸವೂ ಇಲ್ಲದ, ತಿಂಗಳಲ್ಲಿ ಬೆಳ್ಳಗೆ ಮಾಡುವೆನೆನ್ನುವ ಕ್ರೀಮನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಜಾಣತನ.

ಕೊನೆಯದಾಗಿ, ಬ್ಯಾಡಗಿಯ ಮಾರುಕಟ್ಟೆಗೇ ಮರಳೋಣ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ಆಕ್ರೋಶಗೊಂಡ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಬೆಂಕಿಗೆ ಆಹುತಿಯಾದವು. ಆ ಕುಸಿತವನ್ನು ಪ್ರಸಾಧನದ ನಿಯಮಗಳಿಗೆ ಕಟ್ಟುವುದು ಸರಿಯಲ್ಲ. ಆದರೆ ತನ್ನ ಕಾಯಿಯ ಬೆಲೆಯನ್ನು ಯಾರು, ಯಾವ ಅಳತೆಯಿಂದ ಗೊತ್ತುಮಾಡುತ್ತಾರೆಂಬುದು ರೈತನಿಗೆ ತಿಳಿಯದಿರುವುದು ಎರಡೂ ಕಡೆಯ ಸಂಕಟ. ದೂರದ ದೇಶದ ನಿಯಮ ಬದಲಾದ ಸುದ್ದಿ ರಫ್ತುದಾರನಿಗೆ ಮೊದಲು ತಲುಪುತ್ತದೆ, ವರ್ತಕನಿಗೆ ಅನಂತರ, ಬೆಳೆದವನಿಗೆ, ಘಾಟಿನಲ್ಲಿ ಕೆಮ್ಮುತ್ತ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಎಲ್ಲಕ್ಕೂ ಕೊನೆಗೆ. ನಿಷಿದ್ಧ ಕೀಟನಾಶಕಗಳ ಹಾಗೂ ಶೇಷದ ಮಿತಿಗಳ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಹರಾಜಿನ ಅಂಗಳದಲ್ಲೇ ತೂಗಬೇಕು. ರೈತನು ತನ್ನ ಕಾಯಿಯನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿಕೊಳ್ಳಲು ಮಾರುಕಟ್ಟೆಯಲ್ಲೇ ಅನುಕೂಲವಿರಬೇಕು. ಇವೆರಡನ್ನೂ ಕೇಳುವುದು ಔದಾರ್ಯದ ಬೇಡಿಕೆಯಲ್ಲ. ತುಟಿಗೆ ಬಣ್ಣ ಹಚ್ಚುವವಳ ಆರೋಗ್ಯವೂ ಬಣ್ಣ ಬೆಳೆದವನ ಅನ್ನವೂ ಒಂದೇ ಪಟ್ಟಿಯ ಮೇಲೆ ನಿಂತಿರುವಾಗ, ಆ ಪಟ್ಟಿಯನ್ನು ಓದುವ ಹಕ್ಕು ಇಬ್ಬರಿಗೂ ಸಮಾನವಾಗಿ ಸಲ್ಲಬೇಕು.