ಸಿಮೆಂಟಿನ ಜಾಹೀರಾತಿನಲ್ಲಿ ಹೆಣ್ಣು

(ಕರ್ಜಗಿಯ ಶರಣ ಸಂಗಮದಲ್ಲಿ ಮಾಡಿದ ಭಾಷಣ)



ಜಾಹೀರಾತಿನಲ್ಲಿ ಹೆಣ್ಣು ಎಂಬ ವಿಷಯಕ್ಕೆ ಈ ನಿವೃತ್ತ ಎಂಜಿನಿಯರನನ್ನು ಯಾಕೆ ಕರೆದರೋ ಎಂದು ಕೆಲವರಿಗೆ ಅನಿಸಿರಬಹುದು. ನನಗೆ ತಿಳಿದದ್ದು ಸಿಮೆಂಟು, ಕಬ್ಬಿಣ, ಉಸುಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಟಿವಿಯಲ್ಲಿ ಒಂದು ಸಿಮೆಂಟಿನ ಜಾಹೀರಾತು ಬರುತ್ತಿತ್ತು. ಈಜುಡುಗೆ ತೊಟ್ಟ ಯುವತಿ ಸಮುದ್ರದಿಂದ ಎದ್ದು ಬರುತ್ತಾಳೆ, ಆಮೇಲೆ ಸಿಮೆಂಟಿನ ಹೆಸರು. ಮನೆ ಕಟ್ಟುವವನಿಗೆ ಬೇಕಾದ ಮಾತು ಬೇರೆ. 53 ಗ್ರೇಡ್ ಎಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 53 ನ್ಯೂಟನ್ ಒತ್ತಡ ತಾಳಬೇಕು. ಚೀಲದ ಮೇಲೆ ಐ.ಎಸ್.ಐ. ಗುರುತು ಇದೆಯೇ, ತಯಾರಾದ ವಾರ ಯಾವುದು ಎಂದು ನೋಡಬೇಕು. ಮೂರು ತಿಂಗಳು ದಾಟಿದರೆ ಬಲ ಕುಗ್ಗುತ್ತದೆ. ಇದರಲ್ಲಿ ಆ ಹುಡುಗಿಗೆ ಏನು ಕೆಲಸ? ಅವಳು ಸಿಮೆಂಟಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವಳ ಮೈ ತೋರಿಸಿ ನಮ್ಮ ಕಣ್ಣು ಹಿಡಿದರು, ಅಷ್ಟೇ.

ಸಿಮೆಂಟಿಗೂ ಹೆಣ್ಣಿಗೂ ನಂಟೇ ಇಲ್ಲವೆಂದಲ್ಲ. ನನ್ನ ಸರ್ವಿಸಿನಲ್ಲಿ ಕಂಡ ಒಂದೊಂದು ಸ್ಲ್ಯಾಬಿಗೂ ಖಡಿ, ಉಸುಕು, ಕಲಸಿದ ಕಾಂಕ್ರೀಟು ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತಿದವರು ಹೆಣ್ಣುಮಕ್ಕಳೇ. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟು ಬಿಡಿಸುವವರೂ ಅವರೇ. ಕಾಯಕ ಮಾಡುವ ಈ ಕೈಗಳು ಯಾವ ಜಾಹೀರಾತಿನಲ್ಲಿ ಕಾಣುತ್ತವೆ? ನೆನಪಿದ್ದರೆ ಹೇಳಿ.

ಹಿರಿಯರಿಗೆ 1996 ನೆನಪಿರಬೇಕು. ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು, ಭಾರೀ ಪೊಲೀಸ್ ಕಾವಲಿನಲ್ಲಿ. ಮಹಿಳಾ ಸಂಘಟನೆಗಳು, ರೈತ ಸಂಘ, ಸಂಸ್ಕೃತಿಯ ಹೆಸರು ಹೇಳುವವರು, ಎಲ್ಲರೂ ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸೀಷೆಲ್ಸ್ ದ್ವೀಪಕ್ಕೆ ಒಯ್ದರು. ಸಮಸ್ಯೆ ಬಗೆಹರಿಯಿತೇ? ಚಿತ್ರೀಕರಣದ ಊರು ಬದಲಾಯಿತು, ಅಷ್ಟೇ. ವಿರೋಧಿಸಿದವರಲ್ಲೂ ಎರಡು ಮಾತಿತ್ತು. ಹೆಣ್ಣನ್ನು ಸರಕು ಮಾಡಬೇಡಿ ಎಂದದ್ದು ಒಂದು; ನಮ್ಮ ಹೆಣ್ಣು ಮೈ ಮುಚ್ಚಿಕೊಂಡಿರಬೇಕು ಎಂದದ್ದು ಇನ್ನೊಂದು. ನಾನು ಮೊದಲನೆಯದರ ಕಡೆ. ಎರಡನೆಯದನ್ನು ಹಿಡಿದುಕೊಂಡರೆ ತಪ್ಪು ಕಂಪನಿಯಿಂದ ಜಾರಿ ನಮ್ಮ ಮಗಳ ಉಡುಪಿನ ಮೇಲೆ ಬೀಳುತ್ತದೆ.

ಬಟ್ಟೆಯ ಅಳತೆಯೇ ಶೀಲದ ಅಳತೆಯಾದರೆ ಅಕ್ಕಮಹಾದೇವಿಯನ್ನು ಎಲ್ಲಿ ಕೂಡಿಸುತ್ತೀರಿ? ಕೌಶಿಕನಿಗೆ ಅವಳ ರೂಪವಷ್ಟೇ ಬೇಕಾಗಿತ್ತು. ಅವಳು ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳನ್ನು ಕಟುವಾಗಿಯೇ ಪ್ರಶ್ನಿಸಿದರು, ಆದರೆ ಉತ್ತರಿಸಲು ಬಿಟ್ಟರು. ಜಾಹೀರಾತು ಆ ಹುಡುಗಿಗೆ ಬಾಯಿಯನ್ನೇ ಕೊಡುವುದಿಲ್ಲ.

ಕಾನೂನು ಇದೆ. 1986ರ ಕಾಯ್ದೆ ಹೆಣ್ಣಿನ ದೇಹವನ್ನು ಅಸಭ್ಯವಾಗಿ, ಅವಳನ್ನು ಕೀಳಾಗಿಸುವಂತೆ ಚಿತ್ರಿಸುವ ಜಾಹೀರಾತನ್ನು ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಎಂದು ಬರೆದಿದ್ದಾರೆ. ಟಿವಿಯಲ್ಲಿ ಹತ್ತು ಸೆಕೆಂಡಿಗೆ ಕಂಪನಿ ಕೊಡುವ ಹಣದ ಮುಂದೆ ಈ ದಂಡ ಚಹಾದ ಖರ್ಚು. 2022ರ ಜೂನ್‌ನಲ್ಲಿ ಸಾಮೂಹಿಕ ಅತ್ಯಾಚಾರವನ್ನು ತಮಾಷೆ ಮಾಡಿದಂತಿದ್ದ ಸುಗಂಧದ ಜಾಹೀರಾತನ್ನು ಕೇಂದ್ರ ಸರ್ಕಾರ ತೆಗೆಸಿತು. ತೆಗೆಸಿದ್ದು ಜನ ಗದ್ದಲ ಎಬ್ಬಿಸಿದ ಮೇಲೆ.

ಈಗ ನಮ್ಮೂರಿನ ಮಾತು. ಜಾತ್ರೆಯ ಕಮಾನು, ಬ್ಯಾನರುಗಳಿಗೆ ಕಂಪನಿಯವರಿಂದ, ಅಂಗಡಿಯವರಿಂದ ದುಡ್ಡು ತೆಗೆದುಕೊಳ್ಳುತ್ತೇವೆ. ಚಿತ್ರ ಯಾವುದು ಎಂದು ಯಾರೂ ಕೇಳುವುದಿಲ್ಲ. ಈ ಸಲದಿಂದ ಪ್ರತಿ ಬ್ಯಾನರಿನ ನಮೂನೆ ಮೊದಲು ಅಕ್ಕನ ಬಳಗದ ಮುಂದೆ ಹೋಗಲಿ. ಬೇಡ ಎಂದರೆ ದುಡ್ಡು ವಾಪಸ್. ಆ ಬಳಗದಲ್ಲಿ ಬುಟ್ಟಿ ಹೊರುವ ಇಬ್ಬರು ತಾಯಂದಿರಾದರೂ ಇರಬೇಕು. ಸಮಿತಿಯವರು ಇಲ್ಲೇ ಕೂತಿದ್ದಾರೆ, ಉತ್ತರ ಅವರೇ ಕೊಡಲಿ.