ಗುಮ್ಮಟ ನೋಡಿದ್ರಿ, ಬಾವಡಿ ನೋಡಿದ್ರಾ?

ಇವತ್ತು ರಾಜಕೀಯ ಬೇಡ. ನಮ್ಮೂರಿನ ಮಾತು ಹೇಳ್ತೀನಿ. ನಮ್ಮೂರು ವಿಜಯಪುರ. 2014ರ ನವೆಂಬರ್ 1ರಿಂದ ಸರಕಾರಿ ಕಾಗದದಲ್ಲಿ ವಿಜಯಪುರ. ಹಿರಿಯರ ಬಾಯಲ್ಲಿ ಇವತ್ತಿಗೂ ಬಿಜಾಪುರ.

ಹೊರಗಿನವರು ಬಂದರೆ ಮೊದಲು ಗೋಳಗುಮ್ಮಟಕ್ಕೇ ಹೋಗ್ತಾರೆ. ಹೋಗಲೇಬೇಕು ಬಿಡ್ರಿ. 1656ರಲ್ಲಿ ಮುಗಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೇ ಒಂದು ಕಂಬ ಇಲ್ಲ. ಎಂಜಿನಿಯರಿಂಗ್ ಓದಿದವನು ನಾನು. ಒಂದನ್ನೊಂದು ಕತ್ತರಿಸಿ ನಿಂತ ಕಮಾನುಗಳು ಅಷ್ಟು ಭಾರವನ್ನು ಗೋಡೆಗಳಿಗೆ ದಾಟಿಸುವುದನ್ನು ನೋಡಿದಾಗಲೆಲ್ಲ, ಕಂಪ್ಯೂಟರ್ ಇಲ್ಲದ ಆ ಕಾಲದ ಲೆಕ್ಕಕ್ಕೆ ಕೈ ಮುಗಿಯಬೇಕು ಅನಿಸುತ್ತೆ.

ಆಮೇಲೆ ಇಬ್ರಾಹಿಂ ರೋಜಾ. ಆಮೇಲೆ 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು. ಕಮಾನುಗಳು ಅರ್ಧಕ್ಕೇ ನಿಂತ ಬಾರಾಕಮಾನ್. ಉಪ್ಲಿ ಬುರುಜು ಹತ್ತಿ ನಿಂತರೆ ಇಡೀ ಊರು ಕಾಣುತ್ತೆ. ಸಂಜೆ ಹೊತ್ತಿಗೆ ಪ್ರವಾಸಿಗರ ಬಸ್ಸು ಹೊರಟೇಬಿಡುತ್ತೆ.

ಆದರೆ ಒಂದು ಪ್ರಶ್ನೆ ಕೇಳ್ತೀನಿ. ಊರೊಳಗೆ ಹೊಳೆ ಇಲ್ಲ. ಮಳೆ ಕಡಿಮೆ. ಕೃಷ್ಣೆ, ಭೀಮೆ ಎರಡೂ ದೂರ. ಹಾಗಾದ್ರೆ ಇಷ್ಟು ದೊಡ್ಡ ರಾಜಧಾನಿ ನೀರು ಎಲ್ಲಿಂದ ಕುಡೀತು?

ಉತ್ತರ ನೆಲದ ಕೆಳಗಿದೆ. ಪಶ್ಚಿಮಕ್ಕೆ ಟಿಕೋಟಾ ದಾರಿ ಹಿಡಿದರೆ ತೊರವಿ ಸಿಗುತ್ತೆ. ಅಲ್ಲಿಂದ ಊರಿಗೆ ಸುರಂಗ ಕೊರೆದು ನೀರು ತಂದರು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಗಾಳಿಗೆ, ಹೂಳು ತೆಗೆಯಲಿಕ್ಕೆ ಅಲ್ಲಲ್ಲಿ ಮೇಲಿಂದ ಕೊರೆದ ಬಾವಿಗಳು. ದಕ್ಷಿಣಕ್ಕೆ 1651ರ ಬೇಗಂ ತಲಾಬ್, ಅಲ್ಲಿಂದ ಮಣ್ಣಿನ ಕೊಳವೆಗಳು. ಒತ್ತಡಕ್ಕೆ ಕೊಳವೆ ಒಡೆಯಬಾರದು ಅಂತ ನಡುನಡುವೆ ಗಂಜ್ ಅನ್ನೋ ಗೋಪುರಗಳು. ಆ ಗೋಪುರಗಳು ಇನ್ನೂ ನಿಂತಿವೆ. ನಾವು ಅವುಗಳ ಪಕ್ಕದಲ್ಲೇ ಬೈಕ್ ಓಡಿಸ್ಕೊಂಡು ಹೋಗ್ತೀವಿ, ಏನಂತ ಕೇಳೋದೇ ಇಲ್ಲ.

ಇನ್ನು ಬಾವಡಿಗಳು. 1620ರ ತಾಜ್ ಬಾವಡಿ ನೋಡ್ರಿ. ಎರಡು ಗೋಪುರಗಳ ನಡುವೆ ದೊಡ್ಡ ಕಮಾನು, ಮೆಟ್ಟಿಲಿಳಿದರೆ ಒಂದೊಂದು ಬದಿ 200 ಅಡಿಗೂ ಮಿಕ್ಕಿದ ಚೌಕ ಕೊಳ. ಇಬ್ರಾಹಿಂ ರೋಜಾದ ಶಿಲ್ಪಿ ಮಲಿಕ್ ಸಂದಲ್‌ನ ಹೆಸರೇ ಇದಕ್ಕೂ ಅಂಟಿಕೊಂಡಿದೆ. ಗೋರಿಗೆ ಎಷ್ಟು ಅಂದವೋ ಬಾವಿಗೂ ಅಷ್ಟೇ ಅಂದ. ನೀರಿಗೆ ಕೊಟ್ಟ ಮರ್ಯಾದೆ ಅದು.

ನಾವೇನು ಕೊಟ್ವಿ? ಮನೆಗೆ ನಲ್ಲಿ ಬಂತು, ಬಾವಡಿ ಕಸದ ತೊಟ್ಟಿ ಆಯ್ತು. ಕೆಲ ವರ್ಷಗಳ ಹಿಂದೆ ಹಲವು ಬಾವಡಿಗಳ ಹೂಳು ತೆಗೆದರು, ಒಳ್ಳೆಯದಾಯ್ತು. ಜಾಗತಿಕ ಸ್ಮಾರಕ ನಿಧಿಯ 2020ರ ಕಾಳಜಿ ಪಟ್ಟಿಗೆ ನಮ್ಮ ಸುರಂಗ ಬಾವಡಿ ಸೇರಿತು. ನ್ಯೂಯಾರ್ಕಿನವರಿಗೆ ಕಂಡಿದ್ದು ತೊರವಿ ರಸ್ತೇಲಿ ದಿನಾ ಓಡಾಡೋ ನಮಗೆ ಕಾಣಬಾರದಾ?

ಇದು ಬರೀ ಇತಿಹಾಸದ ಮಾತಲ್ಲ. ಟಿಕೋಟಾಕ್ಕೆ ಹೋಗಿ, ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುವ ರೈತನನ್ನ ಕೇಳಿ. ಅವನಿಗೆ ನೀರೇ ಬಂಡವಾಳ. ಬಬಲೇಶ್ವರ ತಾಲೂಕಿನ ಮಮದಾಪುರಕ್ಕೆ ಹೋಗಿ. ಗೋಳಗುಮ್ಮಟದಲ್ಲಿ ಮಲಗಿರುವ ಅದೇ ಸುಲ್ತಾನ ಕಟ್ಟಿಸಿದ ಕೆರೆ ಅಲ್ಲಿದೆ. ಇವತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯನ್ನು ಮೇಲಕ್ಕೆತ್ತಿ ಈ ಭಾಗಕ್ಕೆ ತರುತ್ತೆ. ಸಂತೋಷ. ಆದರೆ ಪಂಪ್ ನಿಂತ ದಿನ, ಕರೆಂಟ್ ಹೋದ ದಿನ ನಮ್ಮ ಕೈಲಿ ಉಳಿಯೋದು ಕೆರೆ, ಬಾವಿಯಲ್ಲಿ ನಾವು ಹಿಡಿದಿಟ್ಟ ನೀರು ಮಾತ್ರ.

ಅದಕ್ಕೇ ಒಂದು ಮನವಿ. ಮುಂದಿನ ಸಲ ಮನೆಗೆ ನೆಂಟರು ಬಂದರೆ ಗುಮ್ಮಟ ತೋರಿಸಿ, ಹಾಗೇ ತಾಜ್ ಬಾವಡಿಗೂ ಕರ್ಕೊಂಡು ಹೋಗಿ. ನಾಲ್ಕು ಜನ ನೋಡೋಕೆ ಬರ್ತಾರೆ ಅಂದ್ರೆ ಕಸ ಎಸೆಯೋ ಕೈ ತಡೆಯುತ್ತೆ, ಅಧಿಕಾರಿಗಳಿಗೂ ಅದರ ನೆನಪಾಗುತ್ತೆ. ಗುಮ್ಮಟ ನಮ್ಮೂರಿನ ಹೆಸರು ಉಳಿಸಿತು. ಊರನ್ನು ಉಳಿಸಿದ್ದು ಬಾವಡಿ.