ಮನೆಯ ಧ್ವನಿ-ಚಿತ್ರ ಭಂಡಾರಕ್ಕೆ ಯಂತ್ರವನ್ನು ಆಯ್ದುಕೊಳ್ಳುವ ಬಗೆ

(ಮಲೆನಾಡಿನ ಹಳ್ಳಿಯೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಕಾಡು, ನೀರು, ಸೊಪ್ಪಿನ ಬೆಟ್ಟಗಳ ಕುರಿತು ಮಾತು ಕೇಳಿ ಅಭ್ಯಾಸವಾಗಿರುವ ಈ ಜಗಲಿಯಲ್ಲಿ ಕಂಪ್ಯೂಟರಿನ ಬಿಡಿಭಾಗಗಳ ವಿಷಯವನ್ನು ಎತ್ತಲು ನನಗೆ ಸ್ವಲ್ಪ ಸಂಕೋಚವಿತ್ತು. ಆದರೆ ಈ ಬೇಡಿಕೆ ಬಂದದ್ದು ಇಲ್ಲಿನ ವಿದ್ಯಾರ್ಥಿಗಳಿಂದಲೇ. ಮನೆಯಲ್ಲಿರುವ ತಾಳಮದ್ದಳೆಯ ಕ್ಯಾಸೆಟ್ಟುಗಳು, ಮದುವೆ-ಮುಂಜಿಯ ವಿಡಿಯೊಗಳು, ಸಾವಿರಾರು ಛಾಯಾಚಿತ್ರಗಳು, ಮಕ್ಕಳಿಗೆ ತೋರಿಸಬೇಕಾದ ಸಾಕ್ಷ್ಯಚಿತ್ರಗಳು ಇವೆಲ್ಲವನ್ನೂ ಒಂದು ಪುಟ್ಟ ಯಂತ್ರದಲ್ಲಿ ಕೂಡಿಸಿಟ್ಟು, ಮನೆಮಂದಿ ತಮ್ಮ ಫೋನು ಅಥವಾ ಟಿ.ವಿ.ಯಲ್ಲಿ ಬೇಕೆಂದಾಗ ತೆರೆದು ನೋಡುವಂತೆ ಮಾಡಬೇಕು. ಅದೂ ಕಡಿಮೆ ಖರ್ಚಿನಲ್ಲಿ. ಇದಕ್ಕೆ ಪೇಟೆಯಲ್ಲಿ ಮೀಡಿಯಾ ಸರ್ವರ್ ಎಂದು ಹೆಸರು. ನಾನು ಭಂಡಾರ ಎಂದೇ ಕರೆಯುತ್ತೇನೆ. ಒಮ್ಮೆ ಕಟ್ಟಿದ ಮೇಲೆ ಇದಕ್ಕೆ ಅಂತರ್ಜಾಲದ ಹಂಗಿಲ್ಲ, ಮನೆಯೊಳಗೆ ಒಂದು ವೈಫೈ ಪೆಟ್ಟಿಗೆಯಿದ್ದರೆ ಸಾಕು. ಆಷಾಢದ ಗಾಳಿಗೆ ಮರ ಉರುಳಿ ತಂತಿ ಹರಿದುಕೊಂಡು ದಿನಗಟ್ಟಲೆ ಸಂಪರ್ಕವಿಲ್ಲದೆ ಕೂರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಮೊದಲಿಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. 2009ರಲ್ಲಿ ನಮ್ಮ ದೊಡ್ಡಮ್ಮ ಎರಡು ಮಧ್ಯಾಹ್ನ ಕುಳಿತು ನಾಟಿಯ ಹಾಡುಗಳನ್ನೂ ಹಸೆಯ ಹಾಡುಗಳನ್ನೂ ಹಾಡಿದ್ದರು. ನಾನು ಅವನ್ನು ಮುದ್ರಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿಟ್ಟೆ. ಅದು ನಾನೇ ಭಾಗ ಆರಿಸಿ ಜೋಡಿಸಿದ ಯಂತ್ರ. ಆಗಿನ ಕಾಲಕ್ಕೆ ವೇಗದ ಪ್ರೊಸೆಸರ್, ದುಬಾರಿ ಗ್ರಾಫಿಕ್ಸ್ ಕಾರ್ಡ್, ಒಂದೇ ಒಂದು ಹಾರ್ಡ್ ಡಿಸ್ಕ್. ಎರಡು ವರ್ಷಗಳ ನಂತರ ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು ಬಂತು. ಸಿಡಿಲಿನ ಹೊಡೆತ ದೂರವಾಣಿಯ ತಾಮ್ರದ ತಂತಿಯಿಂದ ಮೋಡೆಮ್ಮಿಗೆ, ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬಂತು. ಮದರ್‌ಬೋರ್ಡೂ ಹೋಯಿತು, ಡಿಸ್ಕೂ ಹೋಯಿತು. ದೊಡ್ಡಮ್ಮ ಅದಕ್ಕಿಂತ ಮುಂಚೆಯೇ ತೀರಿಕೊಂಡಿದ್ದರು. ಆ ಗ್ರಾಫಿಕ್ಸ್ ಕಾರ್ಡಿನ ಅರ್ಧ ಬೆಲೆಗೆ ಇನ್ನೊಂದು ಡಿಸ್ಕು ಸಿಗುತ್ತಿತ್ತು.

ಆದುದರಿಂದ ಅಂಗಡಿಯವರು ಹೇಳುವ ಕ್ರಮವನ್ನು ನಾನು ತಲೆಕೆಳಗು ಮಾಡುತ್ತೇನೆ. ಅವರು ಪ್ರೊಸೆಸರಿನಿಂದ ಆರಂಭಿಸುತ್ತಾರೆ, ಡಿಸ್ಕು ಕೊನೆಗೆ ಉಳಿದ ಹಣದಲ್ಲಿ ಬರುತ್ತದೆ. ನಾವು ಡಿಸ್ಕಿನಿಂದ ಆರಂಭಿಸೋಣ. ಕೈಯಲ್ಲಿರುವ ಹಣದ ಅರ್ಧಭಾಗ ಅಲ್ಲಿಗೇ ಹೋಗಲಿ.

ಎಷ್ಟು ದೊಡ್ಡ ಡಿಸ್ಕು ಬೇಕು? ಊಹಿಸಬೇಡಿ, ಲೆಕ್ಕ ಹಾಕಿ. ಸಿ.ಡಿ. ಗುಣಮಟ್ಟದಲ್ಲಿ, ಏನನ್ನೂ ಸಂಕುಚಿಸದೆ ಇಟ್ಟ ಒಂದು ಗಂಟೆಯ ಧ್ವನಿಗೆ ಸುಮಾರು 635 ಎಂಬಿ ಜಾಗ ಬೇಕು. ಅದನ್ನೇ 128 ಕಿಲೋಬಿಟ್ಟಿನ ಎಂಪಿ3 ಮಾಡಿದರೆ 58 ಎಂಬಿಯೊಳಗೆ ಮುಗಿಯುತ್ತದೆ. ಎರಡು ಸಾವಿರದ ದಶಕದ ಮಿನಿ ಡಿವಿ ಟೇಪುಗಳು ಒಂದು ಗಂಟೆಗೆ ಸುಮಾರು 13 ಜಿಬಿ. ಒಂದು ಮನೆಯಲ್ಲಿ ಗಂಟೆಯ ಅವಧಿಯ 120 ಕ್ಯಾಸೆಟ್ಟು, 20 ಟೇಪು, ತಲಾ 5 ಎಂಬಿಯ ಹತ್ತು ಸಾವಿರ ಚಿತ್ರಗಳಿವೆ ಎನ್ನಿ. ಕ್ಯಾಸೆಟ್ಟಿಗೆ 76 ಜಿಬಿ, ಟೇಪಿಗೆ 260, ಚಿತ್ರಗಳಿಗೆ 50. ಒಟ್ಟು 400 ಜಿಬಿಯೂ ಆಗಲಿಲ್ಲ! ಎಂಟು ಟಿಬಿಯ ಡಿಸ್ಕಿಲ್ಲದೆ ಭಂಡಾರವೇ ಅಲ್ಲ ಎನ್ನುವವರ ಮಾತಿಗೆ ಹೆದರಬೇಕಾಗಿಲ್ಲ. ಒಂದು ಟಿಬಿ ಸಾಕು, ಎರಡು ಟಿಬಿ ಧಾರಾಳ. ಆದರೆ ಅಂಥವು ಮೂರು ಬೇಕು: ಒಂದು ಯಂತ್ರದೊಳಗೆ, ಒಂದು ಅದೇ ಮನೆಯ ಕಪಾಟಿನಲ್ಲಿ, ಮೂರನೆಯದು ಬೇರೊಂದು ಮನೆಯಲ್ಲಿ. ಹಣ ಸಾಲದಿದ್ದರೆ ಕಪಾಟಿನದನ್ನು ಬಿಡಿ, ಬೇರೆ ಮನೆಯದನ್ನು ಬಿಡಬೇಡಿ.

ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರೆಯುವಂತೆ ಮಾಡುವ ರೈಡ್ ಎಂಬ ಏರ್ಪಾಡಿದೆ. ಒಂದು ಡಿಸ್ಕು ಸತ್ತರೆ ಅದು ಕಾಯುತ್ತದೆ. ಆದರೆ ಸಿಡಿಲು ಎರಡನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ನೀವು ಕೈತಪ್ಪಿ ಅಳಿಸಿದ ಕಡತ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಅದನ್ನು ಪ್ರತಿ ಎಂದು ಭಾವಿಸಬಾರದು.

ಯಂತ್ರದೊಳಗಿನ ಡಿಸ್ಕು ಎಸ್‌ಎಸ್‌ಡಿ ಆಗಿದ್ದರೆ ಒಳ್ಳೆಯದು. ಅದಕ್ಕೆ ತಿರುಗುವ ತಟ್ಟೆಗಳಿಲ್ಲ, ವಿದ್ಯುತ್ತೂ ಕಡಿಮೆ. ಆದರೆ ಕಪಾಟಿನಲ್ಲಿ ವರ್ಷಗಟ್ಟಲೆ ಕರೆಂಟಿಲ್ಲದೆ ಮಲಗುವ ಪ್ರತಿಗೆ ಎಸ್‌ಎಸ್‌ಡಿ ಬೇಡ, ಅದರಲ್ಲಿನ ವಿದ್ಯುದಂಶ ನಿಧಾನವಾಗಿ ಸೋರಿ ಮಾಹಿತಿ ಕೆಡಬಹುದು. ಅಲ್ಲಿಗೆ ಯುಎಸ್‌ಬಿ ತಂತಿಯ ಸಾಧಾರಣ ಹಾರ್ಡ್ ಡಿಸ್ಕೇ ಸರಿ. ಡಿಸ್ಕನ್ನು ಮಾತ್ರ ಬಳಸಿದ್ದು ಕೊಳ್ಳಬೇಡಿ. ಅತಿ ಅಗ್ಗಕ್ಕೆ ಅತಿ ದೊಡ್ಡ ಗಾತ್ರ ಹೇಳುವ ಪೆನ್‌ಡ್ರೈವು, ಎಸ್‌ಎಸ್‌ಡಿಗಳಲ್ಲಿ ಮೋಸವೂ ಇದೆ: ಒಳಗೆ 64 ಜಿಬಿಯ ಚಿಪ್ಪಿಟ್ಟು 2 ಟಿಬಿ ಎಂದು ತೋರಿಸುತ್ತವೆ, ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತವೆ. ಎಫ್3 ಎಂಬ ಮುಕ್ತ ತಂತ್ರಾಂಶ ಇದನ್ನು ಪೂರ್ತಿ ತುಂಬಿಸಿ, ಓದಿ ಪರೀಕ್ಷಿಸುತ್ತದೆ. ಕೊಂಡ ದಿನವೇ ಮಾಡಿ.

ಇನ್ನು ಯಂತ್ರ. ಹೊಸದಾಗಿ ಭಾಗಭಾಗವಾಗಿ ಕೊಂಡು ಜೋಡಿಸುವ ಉತ್ಸಾಹ ವಿದ್ಯಾರ್ಥಿಗಳಿಗೆ ಇರುತ್ತದೆ, ನನಗೂ ಇತ್ತು. ಈಗ ಆ ಮಾರ್ಗವನ್ನು ಹೇಳಲಾರೆ. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನು, ಬೆರಳೆಣಿಕೆಯ ಅಪವಾದಗಳ ಹೊರತು, ಅಧಿಕೃತವಾಗಿ ಒಪ್ಪುವುದಿಲ್ಲ. ಹೀಗಾಗಿ ಕಚೇರಿಗಳಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಆರನೆಯ, ಏಳನೆಯ ಪೀಳಿಗೆಯ ಯಂತ್ರಗಳು ಗುಜರಿಯ ದಾರಿ ಹಿಡಿದಿವೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ಆ ರಾಶಿಗೆ ಹೋಗಬೇಕಾದ ಒಂದು ಯಂತ್ರ ನಮ್ಮ ಮನೆಗೆ ಬಂದರೆ ಇನ್ನೂ ಹಲವು ವರ್ಷ ದುಡಿಯುತ್ತದೆ. ಅದರಲ್ಲಿ ವಿಂಡೋಸ್ ಬೇಡ. ಡೆಬಿಯನ್ ಲಿನಕ್ಸ್ ಹಾಕಿದರೆ ಕಾಸು ಖರ್ಚಿಲ್ಲ. ಇನ್ನೊಂದು ಕಾರಣವೂ ಉಂಟು: 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ ಹೊಸ ಮೆಮೊರಿಯ ಬೆಲೆ ವಿಪರೀತ ಏರಿತು. ಹಳೆಯ ಯಂತ್ರದಲ್ಲಿ 8 ಜಿಬಿ ಮೆಮೊರಿ ಒಳಗೇ ಇರುತ್ತದೆ, ನಮಗೆ ಅಷ್ಟು ಸಾಕು.

ದೊಡ್ಡ ಗೋಪುರದಂಥ ಪೆಟ್ಟಿಗೆಯನ್ನು ಆರಿಸಬೇಡಿ. ಡೆಲ್, ಎಚ್‌ಪಿ, ಲೆನೊವೊ ಮೊದಲಾದವರು ಕಚೇರಿಗಳಿಗಾಗಿ ದಪ್ಪ ಪುಸ್ತಕದ ಗಾತ್ರದ ಪುಟ್ಟ ಯಂತ್ರಗಳನ್ನು ಮಾಡಿದ್ದಾರೆ. ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರಿನಿಂದ ಓಡುವ ಅಂಥದ್ದನ್ನು ಹುಡುಕಿ. ಪ್ರೊಸೆಸರ್ ಏಳನೆಯ ಪೀಳಿಗೆಯದಾದರೆ ಉತ್ತಮ. ಏಕೆಂದು ಹೇಳುತ್ತೇನೆ. ವಿಡಿಯೊಗಳನ್ನು ಅಡಕಗೊಳಿಸುವ ರೀತಿಗಳು ಹಲವು. 2003ರಲ್ಲಿ ಬಂದ ಎಚ್.264 ಎಲ್ಲ ಫೋನುಗಳಿಗೂ ಅರ್ಥವಾಗುತ್ತದೆ, 2013ರ ಎಚ್.265 ಕೆಲವು ಹಳೆಯ ಸಾಧನಗಳಿಗೆ ಆಗುವುದಿಲ್ಲ. ಅರ್ಥವಾಗದ ಸಾಧನ ಕೇಳಿದಾಗ ಭಂಡಾರವು ವಿಡಿಯೊವನ್ನು ಅಲ್ಲಿಯೇ ಬಿಚ್ಚಿ, ಬೇರೆ ರೀತಿಯಲ್ಲಿ ಮತ್ತೆ ಕಟ್ಟಿಕೊಡಬೇಕು. ರುಬ್ಬಿದ ಹಿಟ್ಟನ್ನು ಮತ್ತೆ ರುಬ್ಬುವಂಥ ಕೆಲಸ. ಪ್ರೊಸೆಸರ್ ಇದನ್ನು ಬರೀ ಬಲದಿಂದ ಮಾಡಹೊರಟರೆ ಬಿಸಿಯೇರಿ ಏದುಸಿರು ಬಿಡುತ್ತದೆ. ಆದರೆ ಇಂಟೆಲ್‌ನವರು 2011ರಿಂದಲೇ ಇದಕ್ಕೆಂದು ಒಂದು ಪ್ರತ್ಯೇಕ ಭಾಗವನ್ನು ಚಿಪ್ಪಿನೊಳಗೆ ಇಟ್ಟಿದ್ದಾರೆ. ಏಳನೆಯ ಪೀಳಿಗೆಯಲ್ಲಿ ಅದು ಹತ್ತು ಬಿಟ್ಟಿನ ಎಚ್.265ನ್ನೂ ನಿಭಾಯಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ ಖರ್ಚು ಅಲ್ಲಿಗೆ ತಪ್ಪಿತು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಈ ಭಾಗ ಇರುವುದಿಲ್ಲ, ಅದನ್ನು ಬಿಟ್ಟುಬಿಡಿ. ನಮ್ಮದೇ ವಿಡಿಯೊಗಳನ್ನು ನೋಡುವ ಪ್ರತಿಗೆ ಎಚ್.264 ರೂಪದಲ್ಲಿ ಇಟ್ಟರೆ ಈ ರುಬ್ಬುವ ಕೆಲಸವೇ ಬಹುಮಟ್ಟಿಗೆ ಇರುವುದಿಲ್ಲ.

ರಾಸ್ಪ್‌ಬೆರಿ ಪೈ ಏಕಾಗಬಾರದು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಆಗಬಹುದು. ಆದರೆ 2023ರ ಐದನೆಯ ಪೈಯಲ್ಲಿ ವಿಡಿಯೊವನ್ನು ಮತ್ತೆ ಕಟ್ಟುವ ಯಂತ್ರಾಂಶವಿಲ್ಲ. ಜೊತೆಗೆ ಅಡಾಪ್ಟರು, ಪೆಟ್ಟಿಗೆ, ಡಿಸ್ಕಿನ ತಂತಿ ಎಲ್ಲ ಸೇರಿಸಿದರೆ ಅಗ್ಗವೂ ಅಲ್ಲ. ಹೊಸದೇ ಬೇಕೆನ್ನುವವರು 2023ರಲ್ಲಿ ಬಂದ ಇಂಟೆಲ್ ಎನ್100 ಇರುವ ಕಿರು ಯಂತ್ರ ನೋಡಿ.

ಈಗ ನಮ್ಮ ಗುಡ್ಡದ ಮನೆಗಳಿಗೆ ಹೆಚ್ಚು ಮುಖ್ಯವಾದ ಮಾತು, ವಿದ್ಯುತ್ತು. ಭಂಡಾರ ಹಗಲೂ ರಾತ್ರಿ ಚಾಲೂ ಇರುವಂಥದ್ದು. ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಗ್ರಾಫಿಕ್ಸ್ ಕಾರ್ಡಿರುವ ಹಳೆಯ ದೊಡ್ಡ ಪೆಟ್ಟಿಗೆ ಏನೂ ಕೆಲಸವಿಲ್ಲದಾಗಲೂ 60 ವ್ಯಾಟ್ ಎಳೆದರೆ ವರ್ಷಕ್ಕೆ 525 ಯೂನಿಟ್ ದಾಟುತ್ತದೆ. ನಾನು ಹೇಳಿದ ಪುಟ್ಟ ಯಂತ್ರ ಸುಮ್ಮನಿದ್ದಾಗ ಸುಮಾರು 10 ವ್ಯಾಟ್, ಅಂದರೆ 88 ಯೂನಿಟ್. ಉಚಿತವಾಗಿ ಬಂದ ಹಳೆಯ ಪೆಟ್ಟಿಗೆ ದುಬಾರಿಯಾಗುವುದು ಇಲ್ಲಿ. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮಾಪಕವೊಂದನ್ನು ಊರಿಗೆಲ್ಲ ಸೇರಿ ಒಂದು ಕೊಂಡಿಟ್ಟರೆ ಸಾಕು.

ಬ್ಯಾಟರಿಯ ಲೆಕ್ಕ ಇನ್ನೂ ಸ್ಪಷ್ಟ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಗಂಟೆ; ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, 900. ದೊಡ್ಡ ಪೆಟ್ಟಿಗೆ ಅದನ್ನು 15 ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಪುಟ್ಟ ಯಂತ್ರಕ್ಕೆ ಅದೇ 90 ಗಂಟೆ, ಇನ್ವರ್ಟರ್ ತಾನೇ ನುಂಗುವುದನ್ನು ಲೆಕ್ಕಿಸದಿದ್ದರೆ. ಆ ನಷ್ಟವನ್ನೂ ತಪ್ಪಿಸಬೇಕೆನ್ನುವವರು ಬ್ಯಾಟರಿಯಿಂದ ನೇರವಾಗಿ ಯಂತ್ರಕ್ಕೆ ಕೊಡಬಹುದು, ಆದರೆ ನಡುವೆ ವೋಲ್ಟೇಜ್ ನಿಯಂತ್ರಕ ಕಡ್ಡಾಯ. ಚಾರ್ಜಾಗುವಾಗ 12 ವೋಲ್ಟಿನ ಬ್ಯಾಟರಿ 14 ದಾಟುತ್ತದೆ. ಕಚೇರಿಯ ಪುಟ್ಟ ಯಂತ್ರಗಳು ಹೆಚ್ಚಾಗಿ 19 ಅಥವಾ 20 ವೋಲ್ಟ್ ಕೇಳುತ್ತವೆ. ಝರಿಯ ನೀರಿನಿಂದ ಕಿರು ವಿದ್ಯುತ್ ತೆಗೆಯುವ ಮನೆಯವರು ಮಳೆಗಾಲದಲ್ಲಿ ನನ್ನ ಲೆಕ್ಕವನ್ನು ನೋಡಿ ನಗಬಹುದು, ಅವರಲ್ಲಿ ಹೆಚ್ಚಾದ ವಿದ್ಯುತ್ತು ಹೀಟರಿನಲ್ಲಿ ಸುಮ್ಮನೆ ಉರಿದುಹೋಗುತ್ತದೆ. ಆದರೆ ಯಂತ್ರವನ್ನು ಆರಿಸುವಾಗ ಶ್ರಾವಣದ ಝರಿಯನ್ನಲ್ಲ, ಮಾರ್ಚಿನ ಝರಿಯನ್ನು ನೋಡಬೇಕು.

ಸಿಡಿಲಿಗೆ ಸರ್ಜ್ ಪಟ್ಟಿಗಳನ್ನು ನಂಬಿ ಮಲಗಬೇಡಿ. ಗುಡುಗಿನ ಮೊದಲ ಸದ್ದಿಗೇ ಕರೆಂಟಿನ ತಂತಿಯನ್ನೂ ಜಾಲದ ತಂತಿಯನ್ನೂ ಕಿತ್ತಿಡಿ. ಎರಡನೆಯದನ್ನೇ ನಾನು ಮರೆತದ್ದು. ಗಾಜಿನ ಎಳೆಯ ಕೇಬಲ್ ವಿದ್ಯುತ್ತನ್ನು ಒಯ್ಯುವುದಿಲ್ಲ, ನಿಜ. ಆದರೆ ಆ ಪೆಟ್ಟಿಗೆಯ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ! ಯಂತ್ರವನ್ನು ವೈಫೈಯಲ್ಲೇ ಜೋಡಿಸಿದರೆ ಒಂದು ತಂತಿ ಕಡಿಮೆಯಾಯಿತು. ಹಲ್ಲಿಯ ಕಾಟವೂ ಉಂಟು. ದೊಡ್ಡ ಪೆಟ್ಟಿಗೆಗಳ ಪವರ್ ಸಪ್ಲೈ ಬೆಚ್ಚಗಿದ್ದು, ಹಿಂಬದಿ ಜಾಲರಿ ತೆರೆದಿರುತ್ತದೆ. ಹಲ್ಲಿ ನುಗ್ಗಿ ತಾನೂ ಸತ್ತು ಯಂತ್ರವನ್ನೂ ಕೊಂದದ್ದನ್ನು ನಾನು ಎರಡು ಬಾರಿ ಕಂಡಿದ್ದೇನೆ. ಮುಚ್ಚಿದ ಅಡಾಪ್ಟರಿಗೆ ಆ ಭಯವಿಲ್ಲ. ಚಾಲೂ ಇರುವ ಯಂತ್ರ ಬೆಚ್ಚಗಿರುವುದರಿಂದ ಮಳೆಗಾಲದ ತೇವ ಅದಕ್ಕೆ ಅಷ್ಟಾಗಿ ತಾಗದು. ಕಪಾಟಿನ ಡಿಸ್ಕನ್ನು ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನೊಂದಿಗೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬದಲಿಸಬೇಕು, ಅಥವಾ ಬಿಸಿಮಾಡಿ ಒಣಗಿಸಬೇಕು. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜೆಲ್ಲಿಫಿನ್ ಎಂಬುದು 2018ರ ಡಿಸೆಂಬರಿನಲ್ಲಿ, ಎಂಬಿ ಎಂಬ ತಂತ್ರಾಂಶ ತನ್ನ ಮೂಲವನ್ನು ಮುಚ್ಚಿಕೊಂಡಾಗ, ಸ್ವಯಂಸೇವಕರು ಕವಲೊಡೆಸಿದ ಮುಕ್ತ ತಂತ್ರಾಂಶ. ಹಣವಿಲ್ಲ, ಖಾತೆಯಿಲ್ಲ, ಯಂತ್ರದಲ್ಲಿ ವಿಡಿಯೊ ಮರುಕಟ್ಟುವ ಸೌಲಭ್ಯಕ್ಕೂ ಶುಲ್ಕವಿಲ್ಲ. ಕಡತಗಳ ಹೆಸರನ್ನು ಇಸವಿ, ಊರು, ಹಾಡಿದವರು ಎಂಬ ಕ್ರಮದಲ್ಲಿ ಕನ್ನಡದಲ್ಲೇ ಬರೆಯಿರಿ. ಅದು ಕನ್ನಡದ ಹೆಸರುಗಳನ್ನು ತೋರಿಸುತ್ತದೆ.

ನಮ್ಮ ಮನೆಯ ಇನ್ನೊಂದು ಡಿಸ್ಕು ಈಗ ಘಟ್ಟದ ಕೆಳಗೆ ತಂಗಿಯ ಮನೆಯಲ್ಲಿದೆ, ಅವಳದು ನಮ್ಮಲ್ಲಿ. ಯುಗಾದಿಗೂ ದೀಪಾವಳಿಗೂ ಅದಲುಬದಲು ಮಾಡಿ ಹೊಸದನ್ನು ಸೇರಿಸುತ್ತೇವೆ. ಆಗ ಯಾವುದಾದರೂ ಒಂದು ಕಡತವನ್ನು ಬೇರೆಯೇ ಕಂಪ್ಯೂಟರಿನಲ್ಲಿ ತೆರೆದು ಕೊನೆಯವರೆಗೂ ಕೇಳುವುದು ನಮ್ಮ ನಿಯಮ. ಕಳೆದ ಸಲ ಕೈಗೆ ಸಿಕ್ಕದ್ದು 1994ರ ಒಂದು ತಾಳಮದ್ದಳೆ. ಸಂಧಾನದ ಮಾತು ಬಿಸಿಯೇರಿದ ಹೊತ್ತಿಗೆ ಹಿಂದಿನಿಂದ ಯಾರೋ ಹೆಂಗಸು ಚಹಾ ಎಷ್ಟು ಲೋಟ ಎಂದು ಕೇಳುತ್ತಾರೆ. ಆ ದನಿ ದೊಡ್ಡಮ್ಮನದೇ ಎಂದು ತಂಗಿ ಹೇಳುತ್ತಾಳೆ. ನನಗೂ ಹಾಗೆಯೇ ಕೇಳುತ್ತದೆ.

ಈಗ ತಂದಿರುವ ಯಂತ್ರವನ್ನು ಬಿಚ್ಚಿ ತೋರಿಸುತ್ತೇನೆ. ಸ್ಕ್ರೂಡ್ರೈವರ್ ಹಿಡಿಯಲು ಇಬ್ಬರು ಮುಂದೆ ಬನ್ನಿ.